ಊರಲ್ಲಿ ಕಾರ್ಡು, ಮುಂಬಯಿಯಲ್ಲಿ ಹಸಿವು

ಕೇಳುಗರಿಗೆ ನಮಸ್ಕಾರ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾ. ಅಕಾಸಿಯೋ ವಿಯೆಗಾಸ್ ಪ್ಲೇಗನ್ನು ಗುರುತಿಸಿದ ಕೆಲವೇ ತಿಂಗಳಲ್ಲಿ ನಗರದ ಸುಮಾರು ಅರ್ಧದಷ್ಟು ಜನ ಗಂಟುಮೂಟೆ ಕಟ್ಟಿದರು. ಅವರು ಹೆದರಿದ್ದು ರೋಗಕ್ಕೆ ಮಾತ್ರವಲ್ಲ, ಮನೆ ಹೊಕ್ಕು ಶೋಧಿಸಿ ರೋಗಿಯನ್ನು ಬಲವಂತವಾಗಿ ಆಸ್ಪತ್ರೆಗೆ ಒಯ್ಯುತ್ತಿದ್ದ ಅಧಿಕಾರಿಗಳಿಗೂ ಹೆದರಿದ್ದರು. ಆಳುಗಳು ಸಿಗದೆ ಕಂಗೆಟ್ಟ ಗಿರಣಿ ಮಾಲೀಕರು ಕೂಲಿಯನ್ನು ಆಯಾ ದಿನವೇ ಎಣಿಸಿಕೊಡಲು ಆಗ ಮುಂದಾದರು.

2020ರಲ್ಲಿ ಕೊರೋನಾ ಬಂದಾಗ ಮಾರ್ಚ್ 25ಕ್ಕೆ ಲಾಕ್‌ಡೌನ್ ಆರಂಭವಾಯಿತು. ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ಮೊದಲ ಶ್ರಮಿಕ್ ರೈಲು ಹೊರಟದ್ದು ಮೇ 1ರಂದು. ನಡುವಿನ ಐದು ವಾರ ಮುಂಬಯಿಯ ನನ್ನ ಪರಿಚಯದ ಹೋಟೆಲೊಂದರ ಹುಡುಗರು ಮುಚ್ಚಿದ ಅಡುಗೆಮನೆಯ ಮೇಲಿನ ಅಟ್ಟದಲ್ಲೇ ಮಲಗಿದರು. ಅವರ ಪಡಿತರ ಚೀಟಿ ಇದ್ದದ್ದು ಕುಂದಾಪುರದ ಮನೆಯ ಕಪಾಟಿನಲ್ಲಿ. ಇಲ್ಲಿನ ಅಂಗಡಿಯಲ್ಲಿ ಅವರ ಹೆಸರಿಗೆ ಅಕ್ಕಿ ಇರಲಿಲ್ಲ. ರೈಲು ಹತ್ತಲು ವೈದ್ಯರ ಚೀಟಿ ಬೇಕೆಂದಾಗ ಸಾಲಿನಲ್ಲಿ ನಿಂತಿದ್ದ ಯಾದಗಿರಿಯ ಗೌಂಡಿಯೊಬ್ಬರು ಮರಾಠಿ ಅರ್ಜಿಯನ್ನು ನನ್ನತ್ತ ಚಾಚಿ, “ಅಣ್ಣಾರ, ಇದರಾಗ ಏನ್ ಬರದಾರ್ರೀ?” ಎಂದರು. ಜ್ವರದ ಲಕ್ಷಣಗಳನ್ನು ವಿಚಾರಿಸುವ ಕಾಗದವದು. ತಿಳಿಯದೆ ಎಲ್ಲಕ್ಕೂ ಹೌದು ಎಂದು ಗುರುತು ಹಾಕಿದ್ದರೆ ಅವರು ಊರು ಮುಟ್ಟುತ್ತಿರಲಿಲ್ಲ.

ಇದೇ ನಗರ ಧಾರಾವಿಯಲ್ಲಿ ಬೇರೆ ದಾರಿ ಹಿಡಿಯಿತು. ಏಪ್ರಿಲ್ 1ರಂದು ಅಲ್ಲಿ ಮೊದಲ ಸೋಂಕು ಪತ್ತೆಯಾಯಿತು. ಹತ್ತಡಿ ಕೋಣೆಯಲ್ಲಿ ಏಳೆಂಟು ಜನ ಬದುಕುವ, ಶೌಚಾಲಯವನ್ನು ಇಡೀ ಗಲ್ಲಿ ಹಂಚಿಕೊಳ್ಳುವ ಕಡೆ ‘ಮನೆಯಲ್ಲೇ ಪ್ರತ್ಯೇಕವಾಗಿರಿ’ ಎನ್ನುವುದಕ್ಕೆ ಅರ್ಥವಿಲ್ಲವೆಂದು ಅರಿತ ಪಾಲಿಕೆ, ಶಾಲೆಗಳನ್ನೂ ಕ್ರೀಡಾ ಸಂಕುಲವನ್ನೂ ವಶಕ್ಕೆ ಪಡೆದು, ಹಾಸಿಗೆಯೊಂದಿಗೆ ಎರಡು ಹೊತ್ತಿನ ಊಟವನ್ನೂ ವೈದ್ಯರನ್ನೂ ಅಲ್ಲಿಗೇ ಒದಗಿಸಿತು. ಜನ ತಾವಾಗಿ ಪರೀಕ್ಷೆಗೆ ಬರಲು ಆ ಊಟವೂ ಕಾರಣವೆಂಬುದು ನನ್ನ ಎಣಿಕೆ. ಪ್ಲೇಗಿನ ಕಾಲದ ಅಧಿಕಾರಿಗಳಿಗೆ ಹೊಳೆಯದೆ ಹೋದದ್ದು ಇದೇ.

2021ರ ಜೂನ್ 29ರಂದು ಸುಪ್ರೀಂ ಕೋರ್ಟು ‘ಒಂದು ದೇಶ, ಒಂದು ಪಡಿತರ ಚೀಟಿ’ ಯೋಜನೆಯನ್ನು ಜುಲೈ ಕೊನೆಯೊಳಗೆ ಜಾರಿಗೆ ತರುವಂತೆ ರಾಜ್ಯಗಳಿಗೆ ಆದೇಶಿಸಿತು. ಈಗ ಗೌಂಡಿ ತನ್ನ ಪಾಲನ್ನು ಮುಂಬಯಿಯಲ್ಲೂ, ಹೆಂಡತಿ ಮಕ್ಕಳು ಉಳಿದದ್ದನ್ನು ಯಾದಗಿರಿಯಲ್ಲೂ ಪಡೆಯಬಹುದು. ಆದರೆ ಅದಕ್ಕೆ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕು. ಸಿಮೆಂಟು ಕಲಸಿ ಗೆರೆ ಸವೆದ ಬೆರಳನ್ನು ಅದು ಎಷ್ಟೋ ಸಲ ಗುರುತಿಸುವುದಿಲ್ಲ.