ಕ್ಯಾಮೆರಾದ ಮುಂದೆ ಕುಣಿಯುವ ಮೈ

ಕೇಳುಗರೆಲ್ಲರಿಗೂ ನಮಸ್ಕಾರ.

ದೇಹ ಮತ್ತು ಗುರುತಿನ ಬಗ್ಗೆ ಪ್ರಾಯೋಗಿಕ ನೃತ್ಯಚಿತ್ರ ಮಾಡಹೊರಟವರು ಕಥೆಗಿಂತ ಮೊದಲು ಒಂದು ಪಟ್ಟಿ ಬರೆದುಕೊಳ್ಳಬೇಕು: ಮೈಯ ಯಾವ ಭಾಗ ಯಾವಾಗ ಕಾಣಬೇಕು, ಮುಖ ಎಷ್ಟು ಹೊತ್ತು ಮರೆಯಲ್ಲಿರಬೇಕು. ಬೆನ್ನು, ಮೊಣಕೈ, ಪಾದ ಇಷ್ಟನ್ನೇ ತೋರಿಸುತ್ತ ಹೋದರೆ, ಇದು ಹೆಣ್ಣೋ ಗಂಡೋ, ಎಳೆಯ ಮೈಯೋ ಮಾಗಿದ್ದೋ ಎಂದು ನೋಡುಗರು ತಾವೇ ಊಹಿಸತೊಡಗುತ್ತಾರೆ. ಚಿತ್ರ ಕೆಲಸ ಮಾಡುವುದು ಆ ಊಹೆಯ ಮೇಲೆ. ಆದರೆ ಕೊನೆಯವರೆಗೂ ತುಂಡುಗಳನ್ನೇ ತೋರಿಸಿದರೆ ಅದು ಸೋಪಿನ ಜಾಹೀರಾತಾಗುತ್ತದೆ. ಎಲ್ಲಾದರೂ ಒಂದು ಕಡೆ ಆ ವ್ಯಕ್ತಿ ತಿರುಗಿ ಲೆನ್ಸನ್ನೇ ದಿಟ್ಟಿಸಲಿ.

ವೇದಿಕೆಯ ಅಭ್ಯಾಸ ಇಲ್ಲಿ ಅಡ್ಡ ಬರುತ್ತದೆ. ಕ್ಯಾಮೆರಾಕ್ಕೆ ಕಾಣುವ ಜಾಗ ತ್ರಿಕೋನ, ಅದರ ಚೂಪು ತುದಿ ಲೆನ್ಸಿನಲ್ಲಿ. ಹತ್ತಿರ ನಿಂತವರು ಪಕ್ಕಕ್ಕೆ ಎರಡು ಹೆಜ್ಜೆ ಇಟ್ಟರೆ ಮಾಯ. ಮುಂದಕ್ಕೆ ಎರಡು ಹೆಜ್ಜೆ ಬಂದರೆ ಚೌಕಟ್ಟೇ ತುಂಬಿಹೋಗುತ್ತದೆ. ಆದ್ದರಿಂದ ಆ ತ್ರಿಕೋನವನ್ನು ನೆಲದ ಮೇಲೆ ಟೇಪಿನಿಂದ ಗುರುತು ಮಾಡಿ, ತಾಲೀಮನ್ನು ಅದರೊಳಗೇ ನಡೆಸಿ.

ಇನ್ನು ಶಟರ್, ಅಂದರೆ ಪ್ರತಿ ಫ್ರೇಮಿಗೂ (ಬಿಡಿ ಚಿತ್ರಕ್ಕೂ) ಕ್ಯಾಮೆರಾ ಎಷ್ಟು ಹೊತ್ತು ಬೆಳಕು ಒಳಬಿಡುತ್ತದೆ ಎಂಬುದು. ಸೆಕೆಂಡಿಗೆ 25 ಫ್ರೇಮ್ ಇದ್ದಾಗ 1/50 ಸೆಕೆಂಡು ಇಟ್ಟರೆ ಚಲನೆ ಕಣ್ಣಿಗೆ ಸಹಜ. 1/500ಕ್ಕೆ ಏರಿಸಿದರೆ ಪ್ರತಿ ಫ್ರೇಮೂ ಚೂಪು, ಕುಣಿತ ಮಾತ್ರ ತಡೆತಡೆದು ಕುಪ್ಪಳಿಸಿದ ಹಾಗೆ. 1/25ಕ್ಕೆ ಇಳಿಸಿದರೆ ಕೈಯ ಅಂಚು ಗಾಳಿಯಲ್ಲಿ ಕರಗುತ್ತದೆ. ಮೈಯ ಎಲ್ಲೆಯನ್ನೇ ಪ್ರಶ್ನಿಸುವ ದೃಶ್ಯಕ್ಕೆ ಅದು ಒದಗಿಬರುತ್ತದೆ. ನಿಧಾನಗತಿಗೆಂದು 50 ಫ್ರೇಮಿಗೆ ಹೋದಾಗ ಶಟರ್ 1/100 ಆಗುತ್ತದೆ, ಬೆಳಕು ಎರಡರಷ್ಟು ಬೇಕು. ಎಲ್ಲವನ್ನೂ ನಿಧಾನಗತಿಯಲ್ಲೇ ತೆಗೆಯುವುದು ಮಾತ್ರ ಸೋಮಾರಿತನ. ಹಾಗೆ ಮಾಡಿದರೆ ಮೈಯ ಭಾರವೇ ತಿಳಿಯುವುದಿಲ್ಲ, ನೆಲಕ್ಕೆ ಬಿದ್ದವರೂ ತೇಲಿದಂತೆ ಕಾಣುತ್ತಾರೆ.

ಒಂದೇ ದೀಪ ಸಾಕು, ಆದರೆ ಎದುರಿನಿಂದ ಬೇಡ. ಪಕ್ಕದಿಂದ ಚರ್ಮವನ್ನು ಸವರಿಕೊಂಡು ಹೋಗುವಂತಿಟ್ಟರೆ ರೋಮ, ಹಳೆಯ ಗಾಯದ ಕಲೆ, ಬೆವರು ಎಲ್ಲ ಎದ್ದು ಕಾಣುತ್ತವೆ. ಎಕ್ಸ್‌ಪೋಷರ್ ಎಂಬ ಬೆಳಕಿನ ಅಳತೆ, ವೈಟ್ ಬ್ಯಾಲೆನ್ಸ್ ಎಂಬ ಬಣ್ಣದ ಹೊಂದಾಣಿಕೆ, ಎರಡನ್ನೂ ಆಟೋದಿಂದ ತೆಗೆದುಹಾಕಿ. ಆಟೋದಲ್ಲಿಟ್ಟರೆ ಕ್ಯಾಮೆರಾ ಎಲ್ಲವನ್ನೂ ನಡುಬೂದು ಬಣ್ಣದ ಕಡೆಗೆ ಎಳೆಯುತ್ತದೆ: ಕಪ್ಪು ಮೈ ಬಿಳಿಚುತ್ತದೆ, ಬಿಳಿ ಗೋಡೆ ಹಿಂದೆ ಬಂದೊಡನೆ ಅದೇ ಮೈ ಮಸಿಯಾಗುತ್ತದೆ. ಗುರುತಿನ ಬಗೆಗಿನ ಚಿತ್ರದಲ್ಲೇ ಒಬ್ಬರ ಮೈಬಣ್ಣ ಶಾಟಿನಿಂದ ಶಾಟಿಗೆ ಬದಲಾದರೆ ಅದು ಸಣ್ಣ ತಪ್ಪಲ್ಲ.

1945ರಲ್ಲಿ ಅಮೆರಿಕದ ಪ್ರಾಯೋಗಿಕ ಚಿತ್ರನಿರ್ದೇಶಕಿ ಮಾಯಾ ಡೆರೆನ್ ತೆಗೆದ ಕಿರುಚಿತ್ರದಲ್ಲಿ ನರ್ತಕ ಟ್ಯಾಲಿ ಬೀಟಿ ಕಾಡಿನಲ್ಲಿ ಎತ್ತಿದ ಕಾಲನ್ನು ಕೋಣೆಯೊಳಗೆ ಇಳಿಸುತ್ತಾನೆ. ಇದನ್ನು ಸಾಧಿಸಲು ಎರಡೂ ಜಾಗದಲ್ಲಿ ಇಡೀ ಚಲನೆಯನ್ನು, ಹಿಂದೆ ಮುಂದೆ ಎರಡೆರಡು ಸೆಕೆಂಡು ಹೆಚ್ಚಿಗೆ ಸೇರಿಸಿ, ಮಾಡಿಸಬೇಕು. ಎಡಿಟಿಂಗಿನಲ್ಲಿ ಕಾಲು ಗಾಳಿಯಲ್ಲಿರುವಾಗಲೇ ಕತ್ತರಿಸಿ, ನಿಂತ ಮೇಲೆ ಅಲ್ಲ. ಕೂಡಿಕೆ ಹಾಳಾಗುವುದು ಹೆಚ್ಚಾಗಿ ವೇಗದಿಂದ: ಸಂಜೆಯ ಟೇಕಿನಲ್ಲಿ ದಣಿದ ಕಾಲು ನಿಧಾನವಾಗಿರುತ್ತದೆ. ಎರಡೂ ಕಡೆ ಮೆಟ್ರೊನೋಮ್ ಎಂಬ ತಾಳಯಂತ್ರದ ಒಂದೇ ತಾಳ ಕೇಳಿಸಿ.

ಉಸಿರು, ಪಾದದ ಸದ್ದುಗಳನ್ನು ಕ್ಯಾಮೆರಾ ನಿಲ್ಲಿಸಿ ಬೇರೆಯಾಗಿ ರೆಕಾರ್ಡ್ ಮಾಡಿ. ಮೈಕ್ ನೆಲದಿಂದ ಒಂದು ಗೇಣು ಎತ್ತರದಲ್ಲಿರಲಿ.

ಕುಣಿಯುವವರೊಡನೆ ಒಪ್ಪಂದ ಚಿತ್ರೀಕರಣಕ್ಕೆ ಮೊದಲೇ ಬರಹದಲ್ಲಿರಲಿ: ಮೈ ಎಷ್ಟು ತೆರೆದಿರುತ್ತದೆ, ಆಗ ಸ್ಥಳದಲ್ಲಿ ಯಾರ್‍ಯಾರು ಇರುತ್ತಾರೆ, ಯಾವ ಶಾಟನ್ನು ಅಳಿಸಿ ಎನ್ನುವ ಹಕ್ಕು ಅವರಿಗಿದೆ. ಆಯಾ ದಿನದ ಶಾಟುಗಳನ್ನು ಅಂದೇ ಅವರಿಗೆ ತೋರಿಸಿ, ಬೇಡವೆಂದದ್ದನ್ನು ಬ್ಯಾಕಪ್ ಡ್ರೈವಿನಿಂದಲೂ ತೆಗೆಯಿರಿ.