ಮೊದಲು ಪ್ರೋಬ್ ಕೂರಲಿ

ಕೇಳುಗರಿಗೆ ನಮಸ್ಕಾರ. ಕಿವಿ ಪರೀಕ್ಷೆಯ ಕೋಣೆಯಲ್ಲಿ ಯಂತ್ರದ ಮುಂದೆ ಕೂರುವವರಿಗೆ, ಅದರಲ್ಲೂ ಈಗಷ್ಟೇ ಕೆಲಸ ಕಲಿಯುತ್ತಿರುವವರಿಗೆ ಇವತ್ತಿನ ನನ್ನ ಮಾತು. ವಿಷಯ ಅಕೌಸ್ಟಿಕ್ ರಿಫ್ಲೆಕ್ಸ್ ಪರೀಕ್ಷೆ.

ಜೋರು ಶಬ್ದ ಬಿದ್ದ ಕೂಡಲೇ ನಡುಗಿವಿಯಲ್ಲಿರುವ ಸ್ಟೇಪಿಡಿಯಸ್ ಅನ್ನುವ ಪುಟ್ಟ ಸ್ನಾಯು ಬಿಗಿಯಾಗುತ್ತದೆ. ಅದೇ ಈ ರಿಫ್ಲೆಕ್ಸ್. ಆಗ ಕಿವಿತಮಟೆಯ ಅಲುಗಾಟ ಒಂಚೂರು ಕಡಿಮೆಯಾಗುತ್ತದೆ. ಆ ಒಂಚೂರನ್ನೇ ನಾವು ಹಿಡಿಯಬೇಕು. ಯಂತ್ರ ತೋರಿಸುವ ಅಲುಗಾಟದ ಅಳತೆ 0.02 ಮಿಲಿಲೀಟರ್ ಬದಲಾದರೂ ರಿಫ್ಲೆಕ್ಸ್ ಬಂತು ಅಂತಲೇ ಲೆಕ್ಕ. ಇಷ್ಟು ಸಣ್ಣದನ್ನು ಅಳೆಯುವಾಗ ಪ್ರೋಬ್, ಅಂದರೆ ಅಳತೆ ತೆಗೆಯಲು ಕಿವಿಯೊಳಗೆ ಕೂರಿಸುವ ಯಂತ್ರದ ಪುಟ್ಟ ಭಾಗ, ಸಡಿಲವಾಗಿದ್ದರೆ ಹೇಗೆ? ಅದಕ್ಕೇ ಹೇಳುವುದು, ಮೊದಲು ಪ್ರೋಬ್ ಗಟ್ಟಿಯಾಗಿ ಕೂರಲಿ.

ಕಲಿಯಲು ಬಂದಿದ್ದ ಹುಡುಗಿಯೊಬ್ಬಳು ಒಂದು ಸಲ ರಿಪೋರ್ಟ್ ತಂದಳು. ಎರಡೂ ಕಿವಿಯಲ್ಲಿ ರಿಫ್ಲೆಕ್ಸ್ ಇಲ್ಲ. 500, 1000, 2000 ಹರ್ಟ್ಸ್, ಎಲ್ಲದರ ಮುಂದೂ ‘ಇಲ್ಲ’. ಎಷ್ಟು ಕೇಳಿಸುತ್ತದೆ ಅಂತ ತೋರಿಸುವ ಆಡಿಯೋಗ್ರಾಮ್ ನೋಡಿದರೆ ಚೆನ್ನಾಗಿದೆ. “ಓಟೋಸ್ಕ್ಲಿರೋಸಿಸ್ ಶುರುವಾಗಿರಬಹುದಾ ಮೇಡಂ?” ಅಂದಳು. ನಡುಗಿವಿಯ ಪುಟ್ಟ ಮೂಳೆ ಅಲುಗದಂತೆ ಬಿಗಿದುಕೊಳ್ಳುವ ಕಾಯಿಲೆ ಅದು. “ಟಿಂಪನೋಗ್ರಾಮ್ ಎಲ್ಲಿದೆಯಮ್ಮಾ?” ಅಂದೆ. ಕಿವಿಯೊಳಗಿನ ಗಾಳಿಯ ಒತ್ತಡ ಬದಲಿಸುತ್ತಾ ತಮಟೆ ಎಷ್ಟು ಅಲುಗುತ್ತದೆ ಅಂತ ತೋರಿಸುವ ಆ ನಕ್ಷೆಯನ್ನು ತೆಗೆದೇ ಇರಲಿಲ್ಲ! ಇಬ್ಬರೂ ಹೋಗಿ ನೋಡಿದೆವು. ಪ್ರೋಬ್‌ನ ತುದಿಗೆ ಹಾಕುವ ಮೆತ್ತನೆಯ ಟಿಪ್ ಒಂದು ಸೈಜ್ ಚಿಕ್ಕದಾಗಿತ್ತು. ರೋಗಿ ಕತ್ತು ತಿರುಗಿಸಿದಾಗೆಲ್ಲ ಪ್ರೋಬ್ ಜಾರುತ್ತಿತ್ತು, ಪರದೆಯ ಮೇಲೆ ಗೆರೆ ಕುಣಿಯುತ್ತಿತ್ತು. ದೊಡ್ಡ ಟಿಪ್ ಹಾಕಿಸಿದೆ. ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಪ್ರೋಬ್ ಕೂರಿಸಿದಳು. ಟಿಂಪನೋಗ್ರಾಮ್ ಬಂತು, ತುದಿ ಸೊನ್ನೆಯಲ್ಲಿಲ್ಲ, ಮೈನಸ್ 90 ಡೆಕಾಪಾಸ್ಕಲ್‌ನಲ್ಲಿದೆ. ಒತ್ತಡವನ್ನು ಅಲ್ಲಿಗೇ ನಿಲ್ಲಿಸಿ 1000 ಹರ್ಟ್ಸ್‌ನಲ್ಲಿ 80 ಡೆಸಿಬೆಲ್ ಕೊಟ್ಟಳು. ಏನೂ ಇಲ್ಲ. 85ಕ್ಕೂ ಇಲ್ಲ. 90ಕ್ಕೆ ಗೆರೆ ಸರಿಯಾಗಿ ಬಾಗಿತು. ಇನ್ನೊಮ್ಮೆ 90 ಕೊಟ್ಟಳು, ಮತ್ತೆ ಬಾಗಿತು. ಎರಡು ಸಲ ಬಂದರೇನೇ ಅದು ರಿಫ್ಲೆಕ್ಸ್. ಇಲ್ಲದ ಕಾಯಿಲೆಯ ಭಯ ಹೊತ್ತು ಮನೆಗೆ ಹೋಗಬೇಕಿದ್ದ ಮನುಷ್ಯ ಅವರು! ಇದನ್ನು ಎಷ್ಟು ಸಲ ಹೇಳಿದರೂ ಕೆಲವರು ಸುಮ್ನೆ ಬಟನ್ ಒತ್ತುತ್ತಾರೆ. ದಯವಿಟ್ಟು ಒತ್ತಬೇಡಿ. ಮೊದಲು ಪ್ರೋಬ್, ಆಮೇಲೆ ಟಿಂಪನೋಗ್ರಾಮ್, ಅದಾದ ಮೇಲೆ ರಿಫ್ಲೆಕ್ಸ್.

ಸಮಯ ಜಾಸ್ತಿ ಉಳಿದಿಲ್ಲ, ಉಳಿದದ್ದು ಬೇಗ ಹೇಳುತ್ತೇನೆ. ಆರು ತಿಂಗಳೊಳಗಿನ ಕೂಸಿಗೆ ಪ್ರೋಬ್ ಟೋನ್, ಅಂದರೆ ಅಳತೆಗಾಗಿ ಪ್ರೋಬ್ ಹೊರಡಿಸುವ ಶಬ್ದ, 226 ಹರ್ಟ್ಸ್ ಬೇಡ, 1000 ಇಡಿ. ರಿಫ್ಲೆಕ್ಸ್ ಡಿಕೇ, ಅಂದರೆ ಶಬ್ದ ಇರುವಾಗಲೇ ರಿಫ್ಲೆಕ್ಸ್ ಇಳಿದುಹೋಗುತ್ತದಾ ಅಂತ ನೋಡುವಾಗ, ರಿಫ್ಲೆಕ್ಸ್ ಶುರುವಾಗುವ ಮಿತಿಗಿಂತ 10 ಡೆಸಿಬೆಲ್ ಮೇಲೆ, 10 ಸೆಕೆಂಡ್ ಶಬ್ದ ಕೊಡಿ. ರೋಗಿ ಎಂಜಲು ನುಂಗದೆ, ಮಾತಾಡದೆ ಕೂತಿರಲಿ. ಕಿವಿಯಲ್ಲಿ ಗುಂಯ್ ಅನ್ನುತ್ತದಾ, ಜೋರು ಶಬ್ದ ತಡೆಯಲು ಆಗುವುದಿಲ್ಲವಾ ಅಂತ ಶುರು ಮಾಡುವ ಮುಂಚೆಯೇ ಕೇಳಿ. ಹೌದು ಅಂದರೆ ಜೋರು ಶಬ್ದ ಕೊಡಲು ಹೋಗಬೇಡಿ, ನಿಮ್ಮ ಹಿರಿಯರನ್ನು ಕರೆಯಿರಿ. ನಮಸ್ಕಾರ.