ಕಿಟಕಿಗೆ ಚಿಲಕ ಹಾಕಿದ್ದೆಯಾ?

ಕೇಳುಗರೆಲ್ಲರಿಗೂ ನಮಸ್ಕಾರ.

ನಿನ್ನೆ ರಾತ್ರಿ ಮಲಗುವ ಮುಂಚೆ ಅಡುಗೆಮನೆಯ ಕಿಟಕಿಗೆ ಚಿಲಕ ಹಾಕಿದ್ದಿರಾ? ಹಾಕಿದ್ದೆ ಅನ್ನುತ್ತೀರಿ. ಆಣೆ ಮಾಡಿ ಹೇಳಿ ಅಂದರೆ? ನಿಮ್ಮ ಮಾತಿನ ಮೇಲೆ ಒಬ್ಬನ ಕೊರಳು ನಿಂತಿದೆ ಅಂದರೆ? ಹದಿನೆಂಟನೇ ಶತಮಾನದ ಲಂಡನ್ನಿನಲ್ಲಿ, ಓಲ್ಡ್ ಬೇಲಿ ನ್ಯಾಯಾಲಯಕ್ಕೆ ಕನ್ನದ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಲು ಬಂದ ಮನೆಗೆಲಸದ ಹುಡುಗಿಗೆ ಎದುರಾಗುತ್ತಿದ್ದದ್ದು ಇದೇ ಪ್ರಶ್ನೆ.

ಆಗ ಅಲ್ಲಿ ಇಂದಿನಂಥ ಪೊಲೀಸರಿಲ್ಲ. ರಾತ್ರಿ ಗಸ್ತಿನವರಿದ್ದರು, ನಿಜ. ಆದರೆ ಕಳ್ಳನ ಜಾಡು ಹಿಡಿದು, ಸಾಕ್ಷಿ ಕೂಡಿಸಿ, ಮೊಕದ್ದಮೆ ನಡೆಸಬೇಕಾದವನು ಸಾಮಾನ್ಯವಾಗಿ ಮಾಲು ಕಳೆದುಕೊಂಡವನೇ.

ಕಾನೂನಿನ ಕಣ್ಣಿನಲ್ಲಿ ಕನ್ನ ಅಂದರೆ ರಾತ್ರಿ ಹೊತ್ತು ವಾಸದ ಮನೆಯನ್ನು ಒಡೆದು, ಕದಿಯುವಂಥ ಘೋರ ಅಪರಾಧದ ಉದ್ದೇಶದಿಂದ ಒಳಹೊಕ್ಕಿರಬೇಕು. ಶಿಕ್ಷೆ ನೇಣು. ಸೋಜಿಗವಿರುವುದು ಆ 'ಒಡೆದು' ಎಂಬ ಪದದಲ್ಲಿ. ತೆರೆದಿಟ್ಟ ಕಿಟಕಿಯಿಂದ ನುಗ್ಗಿದರೆ ಒಡೆದಂತಲ್ಲ. ಮುಚ್ಚಿದ ಬಾಗಿಲ ಚಿಲಕ ಎತ್ತಿದರೂ ಸಾಕು, ಒಡೆದಂತೆ. ಹೊಗೆಗೂಡಿನಿಂದ ಇಳಿದರೂ ಒಡೆದಂತೆಯೇ. ಅದನ್ನು ಅದಕ್ಕಿಂತ ಮುಚ್ಚುವುದು ಸಾಧ್ಯವಿಲ್ಲವಲ್ಲ ಎಂಬುದು ನ್ಯಾಯಶಾಸ್ತ್ರಜ್ಞ ಬ್ಲಾಕ್‌ಸ್ಟನ್ ಕೊಟ್ಟ ಸಮಜಾಯಿಷಿ.

ಇನ್ನು ರಾತ್ರಿ ಅಂದರೆ ಯಾವುದು? ಹಗಲಿನ ಬೆಳಕಿನಲ್ಲಿ ಮನುಷ್ಯನ ಮುಖದ ಗುರುತು ಹತ್ತುತ್ತಿದ್ದರೆ ಅದು ರಾತ್ರಿಯಲ್ಲ. ಬೆಳದಿಂಗಳು ಲೆಕ್ಕಕ್ಕಿಲ್ಲ. ಆದ್ದರಿಂದ ಎಷ್ಟು ಹೊತ್ತಿಗೆ ಮಲಗಿದೆ, ಕೊನೆಗೆ ಮಲಗಿದವರು ಯಾರು, ಎದ್ದಾಗ ಬೆಳಕು ಹರಿದಿತ್ತೇ ಎಂದೆಲ್ಲ ಆ ಹುಡುಗಿಯನ್ನು ಕೇಳುತ್ತಿದ್ದರು. ಎಲ್ಲರಿಗಿಂತ ತಡವಾಗಿ ಮಲಗಿ, ಎಲ್ಲರಿಗಿಂತ ಮೊದಲು ಎದ್ದು ಒಲೆ ಹೊತ್ತಿಸುವವಳು ಅವಳೇ ತಾನೆ? ಮನೆಯಲ್ಲಿ ಅವಳ ಮಾತಿಗೆ ಬೆಲೆ ಇತ್ತೋ ಇಲ್ಲವೋ, ಇಲ್ಲಿ ನ್ಯಾಯಾಧೀಶರು ಕಿವಿಗೊಡಲೇಬೇಕಿತ್ತು.

ಮಾಲಿನ ಗುರುತು ಹೇಳುವುದೂ ಎಷ್ಟೋ ಸಲ ಅವಳ ಪಾಲಿಗೇ. ಗಿರವಿ ಅಂಗಡಿಯವನು ಅಡವಿಟ್ಟುಕೊಂಡ ಬಟ್ಟೆಯನ್ನು ತಂದು ಹರವಿದಾಗ, ಅದರ ಅಂಚಿನಲ್ಲಿ ದಾರದಿಂದ ಹೊಲಿದ ಮನೆಯವರ ಹೆಸರಿನ ಅಕ್ಷರಗಳನ್ನು ತೋರಿಸಿದರೆ ಮುಗಿಯಿತು. ಬೆಳ್ಳಿ ಚಮಚಕ್ಕಾದರೆ ಕೆತ್ತಿದ ಅಕ್ಷರ.

ಎಲ್ಲ ಸಾಕ್ಷಿಗಳೂ ಇವಳಷ್ಟು ನಿಷ್ಪಾಪಿಗಳೇನಲ್ಲ. 1706ರ ಕಾಯಿದೆಯಂತೆ ಕನ್ನಗಳ್ಳನನ್ನು ಹಿಡಿದುಕೊಟ್ಟು ಶಿಕ್ಷೆ ಆಗಿಸಿದವರಿಗೆ 40 ಪೌಂಡ್ ಬಹುಮಾನ. ಹಣದಾಸೆ ಏನು ಮಾಡಿಸುವುದಿಲ್ಲ! ಕಳ್ಳರನ್ನು ಹಿಡಿಯುವುದೇ ಕಸುಬಾಗಿದ್ದ ಜೊನಾಥನ್ ವೈಲ್ಡ್ ಒಳಗೊಳಗೇ ಕಳ್ಳರ ದಣಿಯಾಗಿದ್ದ. 1725ರಲ್ಲಿ ಟೈಬರ್ನ್‌ನಲ್ಲಿ ಅವನನ್ನೇ ಗಲ್ಲಿಗೇರಿಸಿದರು. 1730ರ ದಶಕದಿಂದ ಆರೋಪಿಯ ಪರ ವಕೀಲರಿಗೆ ಪಾಟೀಸವಾಲಿಗೆ ಅವಕಾಶ ಸಿಕ್ಕತೊಡಗಿದ ಮೇಲೆ, ಬಹುಮಾನದ ಮಾತು ಎತ್ತಿ ಸಾಕ್ಷಿಗಳ ಬೆವರಿಳಿಸುವುದು ವಾಡಿಕೆಯಾಯಿತು.

ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಪಂಚರು, ಅಂದರೆ ಜ್ಯೂರಿಯವರೂ, ಚಿಲಕದ ವಿಷಯದಲ್ಲಿ ಅನುಮಾನ ಉಳಿದರೆ ಕಳವು ಮಾಡಿದ್ದು ನಿಜ, ಕನ್ನ ಹಾಕಿದ್ದಲ್ಲ ಎನ್ನಬಹುದಿತ್ತು. ಮನೆಯೊಳಗಿಂದ 40 ಶಿಲ್ಲಿಂಗಿನ ಮಾಲು ಕದ್ದರೂ ನೇಣೇ. ಅದಕ್ಕೇ ಕೆಲವೊಮ್ಮೆ ಮಾಲಿನ ಬೆಲೆಯನ್ನು ಬೇಕೆಂದೇ 39 ಶಿಲ್ಲಿಂಗಿಗೆ ಇಳಿಸುತ್ತಿದ್ದರು. ಆ ಒಂದು ಶಿಲ್ಲಿಂಗಿನಲ್ಲಿ ಒಂದು ಜೀವ ಉಳಿಯುತ್ತಿತ್ತು, ಅಮೆರಿಕಕ್ಕೆ ಗಡೀಪಾರಾಗುವ ಹಡಗು ಹತ್ತಿಯಾದರೂ.

ಇಷ್ಟೆಲ್ಲದರ ನಡುವೆ ಆರೋಪಿಗೆ ಆಣೆ ಮಾಡಿ ಸಾಕ್ಷಿ ನುಡಿಯುವ ಹಕ್ಕಿರಲಿಲ್ಲ. ಅದು ಎಲ್ಲ ಆರೋಪಿಗಳಿಗೂ ಸಿಕ್ಕಿದ್ದು 1898ರಲ್ಲಿ. ಆಣೆಯಿಲ್ಲದೆ ಎರಡು ಮಾತು ಆಡಬಹುದಿತ್ತು, ಅಷ್ಟೆ. ಆ ಕಾಲದ ಮುದ್ರಿತ ವರದಿಗಳನ್ನು ತಿರುವಿದರೆ ಮತ್ತೆ ಮತ್ತೆ ಸಿಗುವುದು ಒಂದೇ ಉತ್ತರ: ಆ ಗಂಟು ನನಗೆ ಬೀದಿಯಲ್ಲಿ ಬಿದ್ದು ಸಿಕ್ಕಿತು, ಸ್ವಾಮಿ.